ಹಮಾಲರ ಓಣಿಯ ನೀರು

ಒಂದು ಊರಿನ ಜನ ಯಾವ ನೋವಿಗೆ ಯಾವ ಗುಳಿಗೆ ನುಂಗಿದರು ಎಂಬುದನ್ನು ಆ ಊರಿನ ಚರಂಡಿಯೇ ಹೇಳುವಂತಾದರೆ ಏನಾಗಬಹುದು? ಕೆಂಪನಹಾಳದಲ್ಲಿ ಅದು ಆಯಿತು. ಮೆಣಸಿನಕಾಯಿ ಮಾರುಕಟ್ಟೆಯ ಸುತ್ತ ಬೆಳೆದ ಆ ನಗರದ ಒಳಚರಂಡಿಯಲ್ಲಿ ಮುನ್ನೂರ ಹನ್ನೆರಡು ಕಡೆ ಯಂತ್ರ ಇಳಿಬಿಟ್ಟರು. ಸರಕಾರಿ ಕಾಗದದಲ್ಲಿ ಅವಕ್ಕೆ ಜಲಸಾಕ್ಷಿ ಎಂಬ ಘನವಾದ ಹೆಸರಿತ್ತು. ಜನ ಅವನ್ನು ಕಿವಿ ಎಂದು ಕರೆದರು. ಇನ್ನು ಮೇಲೆ ಪಾಯಖಾನೆಯಲ್ಲಿ ಕೂತರೂ ಗುಟ್ಟು ಉಳಿಯುವುದಿಲ್ಲ ಎಂದು ಚಹಾದಂಗಡಿಯಲ್ಲಿ ಒಂದಷ್ಟು ದಿನ ನಗಾಡಿದರು. ಮೊದಲ ವಾರ್ಡು ಕೆಂಪಾದ ಮೇಲೆ ಆ ನಗು ನಿಂತುಹೋಯಿತು.

ಕಿವಿಗಳು ಕೇಳಿಸಿಕೊಂಡದ್ದನ್ನು ಓದುವ ಕೆಲಸ ದಾಕ್ಷಾಯಣಿಯದು. ಊರ ಹೊರಗಿನ ಕೊಳಚೆ ನೀರಿನ ಘಟಕದಲ್ಲಿ ಒಂದು ನಿಯಂತ್ರಣ ಕೊಠಡಿ, ಗೋಡೆಯ ತುಂಬ ನಗರದ ನಕ್ಷೆ, ನಕ್ಷೆಯ ಮೇಲೆ ಮುನ್ನೂರ ಹನ್ನೆರಡು ಚುಕ್ಕಿ. ಪ್ರತಿ ಕಿವಿ ಹತ್ತು ನಿಮಿಷಕ್ಕೊಮ್ಮೆ ಒಂದು ಚಮಚದಷ್ಟು ನೀರು ಎಳೆದುಕೊಂಡು, ಅದರೊಳಗಿನ ಕಣಗಳನ್ನು ತೂಗಿ, ಯಾವ ಮದ್ದು ಎಷ್ಟಿದೆ ಎಂದು ತಿಳಿಸುತ್ತಿತ್ತು. ಆ ವಾರ್ಡಿನಲ್ಲಿ ವೈದ್ಯರ ಚೀಟಿಯ ಮೇಲೆ ಕೊಟ್ಟ ನೋವಿನ ಗುಳಿಗೆ ಎಷ್ಟು ಎಂಬುದು ಯಂತ್ರಕ್ಕೆ ಮೊದಲೇ ಗೊತ್ತು. ಅದನ್ನು ಕಳೆದು ಉಳಿದದ್ದೆಲ್ಲ ಕಳ್ಳಮಾಲು. ಉಳಿದದ್ದು ಗೆರೆ ದಾಟಿದರೆ ವಾರ್ಡು ಕೆಂಪು. ಕೆಂಪಾದ ಕೂಡಲೇ ಅಲ್ಲಿನ ಯಾವ ಅಂಗಡಿಯಲ್ಲೂ, ಯಾವ ದವಾಖಾನೆಯಲ್ಲೂ ಅಫೀಮಿನ ಕುಲದ ಒಂದೇ ಒಂದು ಮಾತ್ರೆ ಕೊಡುವಂತಿಲ್ಲ, ಆ ವಾರ್ಡಿನವರಿಗೆ ಬೇರೆ ಕಡೆಯೂ ಕೊಡುವಂತಿಲ್ಲ. ಮತ್ತೆ ತೊಂಬತ್ತು ದಿನ ಒಂದೇ ಸಮನೆ ಹಸಿರಾಗಿದ್ದರೆ ಬೀಗ ತೆಗೆಯುತ್ತಾರೆ. ಮೂಲ ಒಣಗಿಸಿದರೆ ಚಟ ತಾನಾಗಿಯೇ ಒಣಗುತ್ತದೆ ಎಂಬುದು ಈ ನಿಯಮ ಬರೆದವರ ನಂಬಿಕೆ. ಅವರಲ್ಲಿ ಯಾರೂ ಮೆಣಸಿನಕಾಯಿ ಚೀಲ ಹೊತ್ತವರಲ್ಲ.

ದಾಕ್ಷಾಯಣಿ ಚೀಲ ಹೊರುವವರ ಮನೆಯಿಂದಲೇ ಬಂದವಳು. ಅವಳ ಅಣ್ಣ ಫಕ್ಕೀರಪ್ಪ ಹದಿನೇಳನೇ ವಯಸ್ಸಿಗೆ ಮಾರುಕಟ್ಟೆಯಲ್ಲಿ ಹಮಾಲನಾದ. ತಂಗಿಯ ಎಂ.ಎಸ್ಸಿ. ಮುಗಿಯುವ ಹೊತ್ತಿಗೆ ಅವನ ಬೆನ್ನೂ ಮುಗಿದಿತ್ತು. ಒಮ್ಮೆ ಲಾರಿಯಿಂದ ಜಾರಿ ಬಿದ್ದಾಗ ವೈದ್ಯರು ಒಂದು ವಾರಕ್ಕೆಂದು ಗುಳಿಗೆ ಬರೆದುಕೊಟ್ಟರು. ವಾರ ಮುಗಿಯಿತು, ಗುಳಿಗೆ ಮುಗಿಯಲಿಲ್ಲ. ದಿನಕ್ಕೆ ಎರಡಿದ್ದದ್ದು ನಾಲ್ಕಾಯಿತು, ಹತ್ತಾಯಿತು. ಮೊದಲು ಚೀಟಿ ನೋಡುವ ಅಂಗಡಿ, ಆಮೇಲೆ ಚೀಟಿ ಕೇಳದ ಅಂಗಡಿ, ಅದೂ ಇಲ್ಲವಾದರೆ ಪಕ್ಕದ ಮನೆಯ ಮುದುಕನ ಮಂಡಿನೋವಿನ ಪಾಲು. ಹಮಾಲರ ಓಣಿಯಲ್ಲಿ ಒಬ್ಬನ ಚೀಟಿಯ ಮೇಲೆ ನಾಲ್ವರ ಬೆಳಗು ನಡೆಯುತ್ತಿತ್ತು. ಚಹಾದ ಜೊತೆ ನುಂಗಿದರೆ ಚೀಲ ಮೇಲೇಳುತ್ತಿತ್ತು. ನುಂಗದಿದ್ದರೆ ಮೈ ನಡುಗಿ, ಮೂಗು ಸೋರಿ, ಹೊಟ್ಟೆ ಕಿವುಚಿ, ಮನುಷ್ಯ ಗೋಣಿತಟ್ಟಿನ ಮೇಲೆ ಮುದ್ದೆಯಾಗಿ ಬೀಳುತ್ತಿದ್ದ. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋದದ್ದು ಫಕ್ಕೀರಪ್ಪನಿಗೆ ಗೊತ್ತಾದದ್ದೇ ಮೂರು ದಿನದ ಮೇಲೆ.

ಅವನನ್ನು ಎತ್ತಿ ನಿಲ್ಲಿಸಿದ್ದು ಓಣಿಯ ಬಾಯಲ್ಲಿ ತೆರೆದ ಸಣ್ಣ ದವಾಖಾನೆ. ಅಲ್ಲಿ ನರ್ಸ್ ಎಸ್ತರಮ್ಮ ದಿನಾ ಬೆಳಿಗ್ಗೆ ನಾಲಿಗೆಯ ಕೆಳಗೆ ಒಂದು ಮಾತ್ರೆ ಇಟ್ಟು, ಅದು ಕರಗುವ ತನಕ ಎದುರಿಗೇ ಕೂತು ಊರ ಸುದ್ದಿ ಹೇಳುತ್ತಿದ್ದಳು. ಆ ಮಾತ್ರೆಯೂ ಅಫೀಮಿನ ಕುಲದ್ದೇ. ಆದರೆ ಅದು ಅಮಲು ಏರಿಸುವುದಕ್ಕಲ್ಲ, ಮೈಯ ನಡುಕ ಮತ್ತು ಹಪಹಪಿ ತಡೆಯುವುದಕ್ಕೆ. ಫಕ್ಕೀರಪ್ಪ ಮತ್ತು ಅವನ ಜೊತೆಗಾರ ಮೌಲಾಸಾಬ ಹದಿನಾಲ್ಕು ತಿಂಗಳು ಒಂದು ದಿನ ತಪ್ಪದೆ ಒಂದೇ ಸೈಕಲ್ಲಿನ ಮೇಲೆ ಅಲ್ಲಿಗೆ ಹೋಗಿಬಂದರು. ಮೌಲಾಸಾಬನಿಗೆ ಮೂವತ್ತು ವಯಸ್ಸು, ಬಾಯಿ ಸುಮ್ಮನಿರದ ಆಳು. ಬರುವಾಗ ಇವರ ಅಡಿಗೆಮನೆಗೇ ನುಗ್ಗಿ, “ಯವ್ವಾ, ನಿನ್ನ ರೊಟ್ಟಿ ತಿನ್ನದಿದ್ರ ಮಾತ್ರಿ ಮೈಗೆ ಹತ್ತೂದಿಲ್ಲ ನೋಡು” ಎಂದು ದಾಕ್ಷಾಯಣಿಯ ತಾಯಿಯನ್ನು ನಗಿಸುತ್ತಿದ್ದ. ಫಕ್ಕೀರಪ್ಪ ಮತ್ತೆ ಹೊಟ್ಟೆ ತುಂಬ ಉಣ್ಣತೊಡಗಿದ. ಮಗಳಿಗೆ ಫೋನು ಮಾಡತೊಡಗಿದ. ದಾಕ್ಷಾಯಣಿಗೆ ಬೇಕಾಗಿದ್ದದ್ದು ಅಷ್ಟೇ, ಅದು ಸಿಕ್ಕಿತ್ತು.

ಆ ಹೊತ್ತಿಗೆ ತಾಯಿಗೆ ಗರ್ಭಕೋಶದ ಕ್ಯಾನ್ಸರು. ಕೊನೆಯ ಎರಡು ತಿಂಗಳು ನೋವು ತಡೆಯಲು ಆಸ್ಪತ್ರೆಯವರು ಮಾರ್ಫಿನ್ ಗುಳಿಗೆಗಳನ್ನು ಮನೆಗೇ ಕೊಟ್ಟಿದ್ದರು. ದಾಕ್ಷಾಯಣಿ ಅವನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದಳು. ಒಂದು ಮಧ್ಯಾಹ್ನ ಮನೆಗೆ ಬಂದಾಗ ಅಣ್ಣ ಆ ಡಬ್ಬಿಯ ಎದುರು ಗೋಡೆಗೆ ಒರಗಿ ಕೂತಿದ್ದ. ಮುಟ್ಟಿರಲಿಲ್ಲ, ಸುಮ್ಮನೆ ನೋಡುತ್ತಿದ್ದ.

“ದಾಕ್ಷಿ, ಇದನ್ನ ನನ್ನ ಕಣ್ಣಿಗೆ ಬೀಳದಂಗ ಇಡವಾ” ಎಂದ. “ನಾ ಏನೂ ಮಾಡಾಂಗಿಲ್ಲ. ಆದ್ರೂ ಇಡು.”

ಅಂದಿನಿಂದ ಅವಳಿಗೆ ಆ ಡಬ್ಬಿಯ ಭಯ ಹಿಡಿಯಿತು.

ಅದೇ ದಿನಗಳಲ್ಲಿ ನಿಯಂತ್ರಣ ಕೊಠಡಿಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಕಿವಿಗಳ ವರದಿಯಲ್ಲಿ ಮೊದಲು ಎರಡು ಕಾಲಂ ಇರುತ್ತಿದ್ದವು. ನುಂಗಿದ ಮದ್ದನ್ನು ನಮ್ಮ ಯಕೃತ್ತು ಇದ್ದ ಹಾಗೇ ಹೊರಗೆ ಬಿಡುವುದಿಲ್ಲ, ಬಹುಪಾಲನ್ನು ರೂಪ ಬದಲಿಸಿ ಕಳಿಸುತ್ತದೆ. ಮೊದಲ ಕಾಲಂ ಮದ್ದಿನದು, ಎರಡನೆಯದು ಮೈಯೊಳಗೆ ಹಾದುಬಂದ ಗುರುತಿನದು. ಎರಡೂ ಜೊತೆಗಿದ್ದರೆ ಯಾರೋ ನುಂಗಿದ್ದಾರೆ. ಮೊದಲನೆಯದು ಮಾತ್ರ ಇದ್ದರೆ ಮದ್ದು ಕೈಯಿಂದ ನೇರವಾಗಿ ನೀರಿಗೆ ಬಿದ್ದಿದೆ. ಆದರೆ ಗುರುತು ಅಳೆಯುವ ರಸಾಯನ ಹೊರದೇಶದಿಂದ ತಡವಾಗಿ ಬರುತ್ತಿತ್ತು, ಬಂದರೂ ಎಲ್ಲವನ್ನೂ ಕೈಯಾರೆ ಹೊಂದಿಸಬೇಕಿತ್ತು, ದಿನಾ ಎರಡು ತಾಸು ಹೆಚ್ಚು ಕೂರಬೇಕಿತ್ತು. ಕೊಠಡಿಯ ಮುಖ್ಯಸ್ಥ ಕಟ್ಟಿ ಸಾಹೇಬರು “ಎರಡನೇದು ಬೇಕೇ ಬೇಕೇನ್ರಿ?” ಎಂದು ಕೇಳಿದ ದಿನ ತಾಯಿ ಮನೆಯಲ್ಲಿ ಒಬ್ಬಳೇ ನರಳುತ್ತಿದ್ದಳು. ಒಳ್ಳೆಯ ಗುಳಿಗೆಯನ್ನು ಚರಂಡಿಗೆ ಯಾರು ಸುರಿಯುತ್ತಾರೆ ಎಂದುಕೊಂಡು ದಾಕ್ಷಾಯಣಿ “ಒಂದು ಕಾಲಂ ಸಾಕು” ಎಂದು ಬರೆದು ಸಹಿ ಹಾಕಿ ಮನೆಗೆ ಓಡಿದಳು.

ತಾಯಿ ಸತ್ತ ಐದನೆಯ ದಿನ ಮನೆ ತೊಳೆಯುವ ಕಾರ್ಯ. ಅಂದು ಶುಕ್ರವಾರ. ಹಮಾಲರ ಓಣಿಯಲ್ಲಿ ಒಂದು ರೂಢಿಯಿದೆ. ಸತ್ತವರ ಮದ್ದು ಮನೆಯಲ್ಲಿ ಉಳಿಯಬಾರದು, ಅದನ್ನು ಹಳ್ಳಕ್ಕೆ ಬಿಡಬೇಕು, ಉಳಿಸಿಕೊಂಡರೆ ಆ ಬೇನೆ ಮನೆಯಲ್ಲಿ ಇನ್ನೊಬ್ಬರನ್ನು ಹುಡುಕುತ್ತದೆಯಂತೆ. ಓಣಿಯ ಹಿಂದಿನ ಹಳ್ಳದಲ್ಲಿ ಒಳಚರಂಡಿಯ ದೊಡ್ಡ ಪೈಪು ಮಲಗಿಸಿ ಮೇಲೆ ಕಾಂಕ್ರೀಟು ಮುಚ್ಚಿ ಮೂವತ್ತು ವರ್ಷವಾಗಿದೆ. ಆದರೂ ರೂಢಿ ನಿಂತಿಲ್ಲ. ಈಗ ಬಚ್ಚಲಿಗೆ ಸುರಿದು ಹಳ್ಳಕ್ಕೆ ಬಿಟ್ಟೆವು ಎನ್ನುತ್ತಾರೆ.

“ಆ ಡಬ್ಬಿ ಇನ್ನೂ ಹಂಗ ಐತೆಲ್ಲವಾ” ಎಂದಳು ಸೋದರತ್ತೆ ನೀಲವ್ವ. “ಹಳ್ಳಕ್ಕ ಬಿಟ್ಟ ಬಾ.”

ಉಳಿದ ಮಾರ್ಫಿನ್ ಆಸ್ಪತ್ರೆಗೆ ಮರಳಿಸಬೇಕು ಎಂಬುದು ದಾಕ್ಷಾಯಣಿಗೆ ಗೊತ್ತಿತ್ತು. ಆದರೆ ಅಲ್ಲಿ ಅದನ್ನು ತೆಗೆದುಕೊಳ್ಳುವವರು ಸಿಗುವುದು ಸೋಮವಾರ. ಅಲ್ಲಿಯ ತನಕ ಮೂರು ದಿನ, ಆ ಡಬ್ಬಿ, ತಾಯಿಯನ್ನು ಕಳೆದುಕೊಂಡು ಮೂಲೆಯಲ್ಲಿ ಕೂತ ಅಣ್ಣ. ಅವಳು ಬಚ್ಚಲಿಗೆ ಹೋಗಿ ಕದ ಹಾಕಿಕೊಂಡು, ಇನ್ನೂರ ಹತ್ತು ಗುಳಿಗೆಗಳನ್ನು ಒಂದೊಂದಾಗಿ ಬಿಡಿಸಿ, ಬಿಸಿನೀರಿನಲ್ಲಿ ಕರಗಿಸಿ ಸುರಿದು, ಮೇಲೆ ಎರಡು ಕೊಡ ನೀರು ಹೊಯ್ದಳು. ಹೊರಗೆ ಬಂದಾಗ ಮೈ ಹಗುರಾಗಿತ್ತು. ಚರಂಡಿ ಓದುವುದೇ ಕಸುಬಾದವಳಿಗೆ ಓಣಿಯ ತುದಿಯ ನಲವತ್ತೊಂದನೇ ಕಿವಿಯ ನೆನಪೇ ಬರಲಿಲ್ಲ.

ಸೋಮವಾರ ಕೆಲಸಕ್ಕೆ ಹೋದಾಗ ಕಟ್ಟಿ ಸಾಹೇಬರು ನಕ್ಷೆಯ ಮುಂದೆ ನಿಂತಿದ್ದರು.

“ದಾಕ್ಷಾಯಣಿಯವರ, ನಿಮ್ಮ ಓಣಿ ಕೆಂಪಾಗ್ಯದ” ಎಂದರು. “ಶುಕ್ರವಾರ ಮುಂಜಾನೆ ನೂರಾರು ಮಂದಿ ಒಮ್ಮೆಲೇ ಹೆರಾಯಿನ್ ತಗೊಂಡಾರ ಅಂತ ಹೇಳಲಿಕ್ಕತ್ತದ. ನನಗೂ ನಂಬಲಿಕ್ಕೆ ಆಗವಲ್ದು.”

ಬಚ್ಚಲಿಗೆ ಸುರಿದದ್ದು ಅವಳಿಗೆ ಆಗ ನೆನಪಾಯಿತು. ಹೆರಾಯಿನ್ ಮೈಯೊಳಗೆ ಹೋದರೆ ಕೊನೆಗೆ ಮಾರ್ಫಿನ್ ಆಗಿಯೇ ನೀರಿಗೆ ಬರುತ್ತದೆ. ತಾಯಿಯ ಚೀಟಿ ತಾಯಿ ಸತ್ತ ದಿನವೇ ರದ್ದಾಗಿತ್ತು. ಚೀಟಿಯಿಲ್ಲದ ಮಾರ್ಫಿನ್ ಅಂದರೆ ಯಂತ್ರಕ್ಕೆ ಒಂದೇ ಅರ್ಥ. ಅವಳು ಬಾಗಿಲು ಮುಂದೆ ಮಾಡಿ ನಡೆದದ್ದೆಲ್ಲ ಹೇಳಿದಳು. ಕಟ್ಟಿಯವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಅವರು ಕೆಟ್ಟವರಲ್ಲ.

“ನಿಮ್ಮನ್ನ ನಾ ನಂಬತೀನಿ” ಎಂದರು. “ಆದ್ರ ತೋರಸಲಿಕ್ಕೆ ಏನದ? ಎರಡನೇ ಕಾಲಂ ಇಲ್ಲ. ಆ ನೀರು ಎಂದೋ ಹರಿದು ಹೋತು. ವರದಿ ಯಂತ್ರನ ನೇರ ಮ್ಯಾಲೆ ಕಳಿಸ್ಯದ. ನೀವು ಬರದು ಕೊಟ್ರ ನಿಮ್ಮ ಮ್ಯಾಲೆ ಕೇಸ್ ಆಗ್ತದ, ನೌಕರಿ ಹೋಗ್ತದ. ಓಣಿ ಮಾತ್ರ ಕೆಂಪನ ಇರ್ತದ. ತೊಂಬತ್ತ ದಿವಸ ಅಷ್ಟ. ಸುಮ್ನಿರ್ರಿ.”

ದಾಕ್ಷಾಯಣಿ ಏನನ್ನೂ ಬರೆದು ಕೊಡಲಿಲ್ಲ. ಆ ಮಧ್ಯಾಹ್ನ ಎರಡನೇ ಕಾಲಂ ನಿಂತ ಮೇಲೆ ಕೆಂಪಾದ ನಾಲ್ಕು ವಾರ್ಡುಗಳ ತಾರೀಖು ತೆಗೆದು ಸಾವಿನ ನೋಂದಣಿಯ ಪಕ್ಕ ಇಟ್ಟು ನೋಡಿದಳು. ಮೂರು ವಾರ್ಡುಗಳಲ್ಲಿ ಸರಿಯಾಗಿ ಐದು ದಿನ ಮೊದಲು ಒಬ್ಬೊಬ್ಬರು ಕ್ಯಾನ್ಸರಿನಿಂದ ಸತ್ತಿದ್ದರು. ಮೂರೂ ಆ ಮುಚ್ಚಿದ ಹಳ್ಳದ ದಂಡೆಯ ಓಣಿಗಳು. ಆ ಮನೆಗಳವರೂ ಸತ್ತವರ ಗುಳಿಗೆಯನ್ನು ಹಳ್ಳಕ್ಕೆ ಬಿಟ್ಟಿದ್ದರು. ಆ ಕಡತವನ್ನು ಅವಳು ಯಾರಿಗೂ ತೋರಿಸಲಿಲ್ಲ.

ಮರುದಿನ ದವಾಖಾನೆಗೆ ಮೊಹರು ಬಿತ್ತು. ಎಸ್ತರಮ್ಮ ಮೆಟ್ಟಿಲ ಮೇಲೆ ನಿಂತು, ಗುಳಿಗೆ ಹೆಚ್ಚಾಗಿ ಉಸಿರು ನಿಂತವರನ್ನು ಬದುಕಿಸಲು ಮೂಗಿಗೆ ಹೊಡೆಯುವ ಮದ್ದನ್ನಾದರೂ ಹೊರಗೆ ತೆಗೆದುಕೊಳ್ಳುತ್ತೇನೆ ಎಂದು ಬೇಡಿಕೊಂಡಳು. ಪಟ್ಟಿಯಲ್ಲಿ ಇಲ್ಲದ್ದನ್ನು ಬಿಡುವಂತಿಲ್ಲ ಎಂದು ಬಂದವರು ಬೀಗ ಜಡಿದರು. ಮೌಲಾಸಾಬ ಸೈಕಲ್ ಹಿಡಿದುಕೊಂಡು ರಸ್ತೆಯಲ್ಲೇ ನಿಂತಿದ್ದ.

ನಾಲ್ಕನೆಯ ದಿನಕ್ಕೆ ಫಕ್ಕೀರಪ್ಪನಿಗೆ ನಡುಕ ಶುರುವಾಯಿತು. ಅವನು ಒಂದು ಚಾದರ, ಒಂದು ತಟ್ಟೆ ಗಂಟು ಕಟ್ಟಿಕೊಂಡ.

“ನಾ ಯಾರ್ಡಿನ ಕ್ವಾಣ್ಯಾಗ ಇರ್ತೀನಿ. ನಿನ್ನ ಮುಂದ ಕೆಡೂದು ಬ್ಯಾಡ.”

“ನಾ ನೋಡ್ಕೋತೀನಿ, ಇಲ್ಲೇ ಇರಣ್ಣಾ.”

“ನೀ ನೋಡಬಾರದು ಅಂತನ ಹೊಂಟೀನಿ” ಎಂದು ಅವನು ಹೊರಟುಹೋದ. ದವಾಖಾನೆ ಮುಚ್ಚಿದ್ದು ಯಾರಿಂದ ಎಂದು ಅವನು ಕೇಳಲಿಲ್ಲ. ಅವಳಿಗೂ ಹೇಳುವ ಧೈರ್ಯ ಬರಲಿಲ್ಲ.

ಮಾರುಕಟ್ಟೆಯ ಯಾರ್ಡಿನ ಹಿಂದೆ ಹಮಾಲರು ಮಲಗುವ ಒಂದು ಕೋಣೆ. ಅಲ್ಲೀಗ ಮೂವರು ಇದ್ದರು, ಫಕ್ಕೀರಪ್ಪ, ಮೌಲಾಸಾಬ ಮತ್ತು ಭರಮಪ್ಪನೆಂಬ ವಯಸ್ಸಾದ ಹಮಾಲ. ಆ ಕೋಣೆಯ ಪಾಯಖಾನೆಯ ನೀರು ಅದೇ ವಾರ್ಡಿನ ನಲವತ್ತೇಳನೇ ಕಿವಿಯ ಮುಂದೆ ಹಾಯುತ್ತಿತ್ತು. ದಾಕ್ಷಾಯಣಿ ಬೆಳಗಿನ ಪಾಳಿ ಕೇಳಿ ಹಾಕಿಸಿಕೊಂಡಳು. ಮೊದಲ ವಾರಗಳಲ್ಲಿ ಹಳೆಯ ಗುಳಿಗೆಯ ಅಂಶ ಅಷ್ಟಿಷ್ಟು ಕಂಡು, ಬರಬರುತ್ತ ಇಳಿದು, ಪೂರ್ತಿ ನಿಂತಿತು. ಓಣಿ ಹಸಿರಾಯಿತು, ಹಸಿರಾಗಿಯೇ ಉಳಿಯಿತು. ಹಸಿರಿನ ಮೂವತ್ತೊಂಬತ್ತು ದಿನ ಕಳೆದವು. ಅಣ್ಣ ಬಿಟ್ಟನೇನೋ ಎಂದು ಅವಳು ಆಸೆಪಟ್ಟಳು.

ನಲವತ್ತನೆಯ ದಿನ, ಯಂತ್ರ ಗುರುತಿಸಲಾರದ ಕಣಗಳನ್ನು ತುಂಬುವ ‘ಹೆಸರಿಲ್ಲದವು’ ಎಂಬ ಪಟ್ಟಿಯನ್ನು ಸುಮ್ಮನೆ ತೆರೆದಳು. ಅದನ್ನು ಯಾರೂ ನೋಡುತ್ತಿರಲಿಲ್ಲ, ಅದು ಕೂಡುವ ಕಳೆಯುವ ಲೆಕ್ಕಕ್ಕೇ ಬರುವುದಿಲ್ಲ. ನಲವತ್ತೇಳನೇ ಕಿವಿಯಲ್ಲಿ ಬೆಳಿಗ್ಗೆ ಐದು ಗಂಟೆ ದಾಟಿದ ಮೇಲೆ ಗೆರೆಯಲ್ಲಿ ಮೂರು ಏರು ಇದ್ದವು, ಇಪ್ಪತ್ತಿಪ್ಪತ್ತು ನಿಮಿಷದ ಅಂತರದಲ್ಲಿ, ಹಿಂದಿನ ದಿನ ತೆಗೆದುಕೊಂಡದ್ದು ಒಬ್ಬರಾದ ಮೇಲೊಬ್ಬರ ಮೂತ್ರದಲ್ಲಿ ಬಂದ ಹಾಗೆ. ಕಣದ ತೂಕ ನೋಡಿದಳು, ಅದು ಒಡೆದ ಚೂರುಗಳನ್ನು ನೋಡಿದಳು. ಅಫೀಮಿನ ಕುಲದ ಕೆಲಸವನ್ನೇ ಮಾಡುವ, ಯಾವನೋ ಹೊಸದಾಗಿ ಕೂಡಿಸಿದ ವಸ್ತು. ಕಂಡ ಪ್ರಮಾಣ ಎಷ್ಟು ಸಣ್ಣದೆಂದರೆ, ಇದು ಉಗುರಿನ ತುದಿಯಷ್ಟು ಹೆಚ್ಚಾದರೂ ಉಸಿರು ನಿಲ್ಲಿಸುವಂಥದ್ದು.

ಆ ಭಾನುವಾರ ರೊಟ್ಟಿ ಕಟ್ಟಿಕೊಂಡು ಯಾರ್ಡಿಗೆ ಹೋದಳು. ಮೂವರೂ ಹೊರಗೆ ಬಿಸಿಲಿಗೆ ಕೂತಿದ್ದರು. ಕಣ್ಣಿನ ಪಾಪೆ ಚುಕ್ಕಿಯಷ್ಟಾಗಿತ್ತು. ಮೌಲಾಸಾಬನೇ ಬಾಯಿ ಬಿಟ್ಟ.

“ಬಿಳಿ ಪುಡಿ ಅಕ್ಕಾ. ಇದು ನಿಮ್ಮ ಕಿವಿಗೆ ಕೇಳೂದಿಲ್ಲಂತ. ಅದಕ್ಕ ಇದನ್ನ ಆರಿಸೀವಿ.”

“ಯಾಕ?”

“ಓಣಿ ಹಸರ ಇರಬೇಕಲ್ಲ” ಎಂದ, ಇಷ್ಟೂ ತಿಳಿಯುವುದಿಲ್ಲವೇ ಎನ್ನುವಂತೆ. “ಹಳೇ ಗುಳಿಗಿ ತಿಂದ್ರ ಮತ್ತ ಕೆಂಪಾಗತೈತಿ. ತೊಂಬತ್ತ ದಿನ ಇದರ ಮ್ಯಾಲ ತಳ್ಳಿದ್ರ ಎಸ್ತರಮ್ಮನ ಬಾಗಲಾ ತೆಗೀತೈತಿ. ಆಮ್ಯಾಲ ಇದನ್ನೂ ಒಗದು ಬಿಡತೀವಿ. ನಾನೂ ಅಣ್ಣನೂ ಆಣೆ ಮಾಡೀವಿ.”

ಫಕ್ಕೀರಪ್ಪ ನೆಲ ನೋಡುತ್ತ ತಲೆ ಆಡಿಸಿದ. ದಾಕ್ಷಾಯಣಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕೇಳುತ್ತದೆ ಎಂದುಬಿಟ್ಟರೆ ಇವರು ಹಳೆಯ ಗುಳಿಗೆಗೆ ತಿರುಗುತ್ತಾರೆ, ಆ ಗುಳಿಗೆಗೆ ಹೆಸರಿದೆ, ಓಣಿ ಕೆಂಪಾಗುತ್ತದೆ. ನೀರನ್ನು ರಾಜಧಾನಿಯ ಪ್ರಯೋಗಾಲಯಕ್ಕೆ ಕಳಿಸಿದರೆ ಇದಕ್ಕೂ ಹೆಸರು ಬೀಳುತ್ತದೆ, ಆಗಲೂ ಓಣಿ ಕೆಂಪಾಗುತ್ತದೆ. ಹೆಸರಿಡದೆ ಹಾಗೇ ಬಿಟ್ಟರೆ ಇನ್ನು ನಲವತ್ತೇಳು ದಿನಕ್ಕೆ ಬಾಗಿಲು ತೆರೆಯುತ್ತದೆ. “ಸ್ವಲ್ಪ ಸ್ವಲ್ಪ ತಗೋರಿ” ಎಂದಷ್ಟೇ ಹೇಳಿದಳು. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ನಾಚಿದಳು.

ಅಂದಿನಿಂದ ಅವಳ ದಿನ ಆ ಮೂರು ಏರಿನಿಂದ ಶುರುವಾಗುತ್ತಿತ್ತು. ಯಾವುದು ಅಣ್ಣನದು ಎಂದು ತಿಳಿಯುವ ದಾರಿಯಿರಲಿಲ್ಲ, ಹಾಗಾಗಿ ಮೂರನ್ನೂ ಎಣಿಸುತ್ತಿದ್ದಳು. ಐದೂ ಹತ್ತಕ್ಕೆ ಒಂದು, ಐದೂವರೆಗೆ ಒಂದು, ಆರಕ್ಕೆ ಹತ್ತು ನಿಮಿಷ ಇರುವಾಗ ಒಂದು. ಮೂರನೆಯದು ಬರುವ ತನಕ ಅವಳು ಚಹಾ ಕುಡಿಯುತ್ತಿರಲಿಲ್ಲ. ಊರಿಗೆ ವಿಷ ನುಗ್ಗಿದ್ದನ್ನು ಬಲ್ಲವಳು ಅವಳೊಬ್ಬಳೇ. ಆ ವಿಷ ಕಂಡರೆ ಮಾತ್ರ ಅವಳ ಎದೆ ತಣ್ಣಗಾಗುವಂಥ ಸ್ಥಿತಿ ಬಂದಿತ್ತು. ಐವತ್ತಾರನೇ ಕಿವಿಯಲ್ಲೂ ಅದು ಕಾಣಿಸಿಕೊಂಡಿತು. ಆಮೇಲೆ ನೂರ ಮೂರರಲ್ಲಿ. ಕಟ್ಟಿ ಸಾಹೇಬರು ದಿನಾ ಬಂದು ಹಸಿರು ನಕ್ಷೆ ನೋಡಿ, “ಊರು ಸುಧಾರಿಸ್ಲಿಕ್ಕತ್ತದ ನೋಡ್ರಿ” ಎನ್ನುತ್ತಿದ್ದರು. ಅವಳು ಹೂಂ ಎನ್ನುತ್ತಿದ್ದಳು.

ಅರವತ್ತಾರನೆಯ ದಿನ ಐದೂ ಹತ್ತಕ್ಕೆ ಒಂದು ಏರು ಬಂತು. ಐದೂವರೆಗೆ ಬರಲಿಲ್ಲ. ಆರಕ್ಕೆ ಹತ್ತು ನಿಮಿಷ ಇರುವಾಗ ಇನ್ನೊಂದು ಬಂತು. ಎದ್ದದ್ದು ತಡವಾಗಿರಬಹುದು ಎಂದು ಕಾದಳು. ಆರು ಗಂಟೆ, ಆರೂ ಹತ್ತು, ಆರೂ ಇಪ್ಪತ್ತು. ಗೆರೆ ನೆಟ್ಟಗೆ ಮಲಗಿತ್ತು. ಅಣ್ಣನಿಗೆ ಫೋನು ಮಾಡಿದಳು, ಎತ್ತಲಿಲ್ಲ. ಕುರ್ಚಿ ಹಾಗೇ ಬಿಟ್ಟು ಸ್ಕೂಟರ್ ಏರಿ ಯಾರ್ಡಿಗೆ ಹೊರಟಳು. ದಾರಿಯುದ್ದಕ್ಕೂ ಅವಳು ದೇವರಲ್ಲಿ ಬೇಡಿಕೊಂಡದ್ದು ಒಂದನ್ನೇ, ಬಾರದ್ದು ಅಣ್ಣನದಾಗಿರದಿರಲಿ. ಹಾಗಾದರೆ ಅದು ಯಾರದಾಗಿರಲಿ ಎಂದು ಬೇಡಿದಂತಾಯಿತು ಎಂಬುದನ್ನು ಅವಳು ಯೋಚಿಸಲಿಲ್ಲ.

ಕೋಣೆಯ ಬಾಗಿಲಲ್ಲಿ ಭರಮಪ್ಪ ಟವೆಲಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತ ಕೂತಿದ್ದ. ಒಳಗೆ ಗೋಣಿತಟ್ಟಿನ ಮೇಲೆ ಮೌಲಾಸಾಬ ಮಲಗಿದ್ದ. ತುಟಿ ನೀಲಿಗಟ್ಟಿತ್ತು, ಉಸಿರಿರಲಿಲ್ಲ. ಫಕ್ಕೀರಪ್ಪ ಅವನ ಅಂಗೈಯನ್ನು ಉಜ್ಜುತ್ತಲೇ ಇದ್ದ, ಬಿಸಿ ಮಾಡಿದರೆ ಎದ್ದಾನು ಎನ್ನುವ ಹಾಗೆ. ಅಣ್ಣನನ್ನು ಕಂಡ ಕೂಡಲೇ ದಾಕ್ಷಾಯಣಿಗೆ ಆದದ್ದು ಸಂತೋಷ. ಅದನ್ನು ತಡೆಯಲು ಆಗಲೇ ಇಲ್ಲ.

“ನೀ ಅದೀಯಲ್ಲ” ಎಂದಳು.

ಫಕ್ಕೀರಪ್ಪ ತಲೆ ಎತ್ತಿದ. ಅವಳನ್ನು ನೋಡಿದ, ಬಾಗಿಲ ಹೊರಗೆ ಇನ್ನೂ ಸರಿಯಾಗಿ ಬೆಳಕಾಗದ ಯಾರ್ಡನ್ನು ನೋಡಿದ.

“ಈಗ ನೋಡೀವಿ ನಾವು. ಇನ್ನೂ ಯಾರಿಗೂ ಹೇಳಿಲ್ಲ. ನೀ ಹ್ಯಾಂಗ ಬಂದಿ?”

ಸುಳ್ಳು ಹೇಳಬಹುದಿತ್ತು. ಅವಳಿಗೆ ಸಾಕಾಗಿತ್ತು.

“ನೀರಿನ್ಯಾಗ ದಿನಾ ಮೂರ ಇರ್ತಿದ್ವು ಅಣ್ಣಾ. ಇವತ್ತ ಎರಡ ಬಂದಾವ.”

ಅವನ ಉಜ್ಜುತ್ತಿದ್ದ ಕೈ ನಿಂತಿತು.

“ಇದು ಕಿವಿಗೆ ಕೇಳತೈತೇನು?”

“ಕೇಳತೈತಿ.”

“ಎಂದಿನಿಂದ ಗೊತ್ತಿತ್ತು ನಿನಗ?”

“ಇಪ್ಪತ್ತಾರು ದಿನ ಆತು.”

ಭರಮಪ್ಪನ ಅಳು ನಿಂತಿತು. ಫಕ್ಕೀರಪ್ಪ ಮೌಲಾಸಾಬನ ಕೈಯನ್ನು ಮೆಲ್ಲಗೆ ಅವನ ಎದೆಯ ಮೇಲಿಟ್ಟ. “ಕೇಳೂದಿಲ್ಲಂತ ಇವ ಇದನ್ನ ಹಿಡದಾ” ಎಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನಿಸಿತು.

ಅವಳ ಕೈಯಲ್ಲಿದ್ದ ಫೋನು ಮಿಣುಕಿತು. ಯಂತ್ರ ದಿನಾ ಆರೂ ನಲವತ್ತಕ್ಕೆ ಕಳಿಸುವ ಸಂದೇಶ. ಹಮಾಲರ ಓಣಿ ವಾರ್ಡು, ಹಸಿರು, ಅರವತ್ತಾರನೇ ದಿನ.

ಫಕ್ಕೀರಪ್ಪ ಸೊಂಟದ ಪಟ್ಟಿಯಿಂದ ಸಣ್ಣ ಕಾಗದದ ಪೊಟ್ಟಣ ತೆಗೆದು ತಂಗಿಯ ಕಡೆ ಚಾಚಿದ.

“ನನ್ನ ಇವತ್ತಿನ ಪಾಲು. ಇನ್ನೂ ಮುಟ್ಟಿಲ್ಲ. ಒಯ್ದು ಹೆಸರ ಇಡು ಇದಕ್ಕ.”

ಹೆಸರಿಟ್ಟರೆ ಓಣಿ ಕೆಂಪಾಗುತ್ತದೆ, ಎಸ್ತರಮ್ಮನ ಬಾಗಿಲು ತೆರೆಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ದಾಕ್ಷಾಯಣಿ ಪೊಟ್ಟಣ ತೆಗೆದುಕೊಂಡಳು. ಅದನ್ನು ಕೊಟ್ಟ ಕೈ ಆಗಲೇ ನಡುಗತೊಡಗಿತ್ತು.